ಒಂದು ಕಪ್ ಚಹಾದಷ್ಟು ಭಾರದ ರೀಲು

ಡೋಣಿ ಹೊಳೆಯ ನೀರು ಉಪ್ಪು. ಬೇಳೆ ಹಾಕಿದರೆ ಬೇಯುವುದಿಲ್ಲ, ಸಾಬೂನು ಹಚ್ಚಿದರೆ ನೊರೆ ಬರುವುದಿಲ್ಲ. ಬೇಸಿಗೆಯಲ್ಲಿ ದಂಡೆಯ ಕರಿ ಮಣ್ಣು ಒಣಗಿದಾಗ ಮೇಲೆ ಬಿಳಿ ಪುಡಿ ಕಟ್ಟುತ್ತದೆ. ತಾಳಿಕೋಟಿ ದಾಟಿ ಮುಂದೆ ಹೋಗಿ ಅದು ಕೃಷ್ಣೆಗೆ ಕೂಡುತ್ತದೆ. ಕೃಷ್ಣೆಯದು ಸಿಹಿನೀರು. ಕೂಡುವ ಕಡೆಗೆ ನಾವು ಡೋಣಿ ಬಾಯಿ ಅನ್ನುತ್ತೇವೆ. ಅಲ್ಲಿ ನಿಂತು ನೋಡಿದರೆ ಎರಡು ನೀರೂ ಒಂದಕ್ಕೊಂದು ತಾಗಿಕೊಂಡು, ಬೆರೆಯಲೋ ಬೇಡವೋ ಅನ್ನುತ್ತ, ಸ್ವಲ್ಪ ದೂರ ಹಾಗೇ ಹೋಗುತ್ತವೆ. ನಡುವೆ ಒಂದು ಗೆರೆ ಕಾಣುತ್ತದೆ, ಜಂಪರಿಗೆ ಬೇರೆ ಬಣ್ಣದ ತೋಳು ಜೋಡಿಸಿದ ಹಾಗೆ. ಸಮುದ್ರದ ಕಡೆಯವರು ಇಂಥ ಜಾಗಕ್ಕೆ ಅಳಿವೆ ಅನ್ನುತ್ತಾರಂತೆ. ನಮ್ಮ ಕಡೆ ಸಮುದ್ರ ಎಲ್ಲಿಂದ ಬರಬೇಕು! ಆದರೂ ಒಂದು ದಿನ ನನ್ನ ಹೆಂಡತಿ, ಮೊಬೈಲಿನಲ್ಲಿ ಯಾರೋ ಅಳಿವೆಯಲ್ಲಿ ನಿಂತು ಪ್ಲಾಸ್ಟಿಕ್ ಮೀನು ಎಸೆದು ನಿಜವಾದ ಮೀನು ಹಿಡಿಯುವುದನ್ನು ನೋಡಿ, ಇದು ನಮ್ಮ ಡೋಣಿ ಬಾಯಿಯ ಹಾಗೇ ಇದೆಯಲ್ಲ ಅಂದಳು. ಎಷ್ಟೋ ತಿಂಗಳಾದ ಮೇಲೆ ಅವಳ ದನಿಯಲ್ಲಿ ಒಂದು ಆಸೆ ಕೇಳಿಸಿತ್ತು.

ನಾನು ಸಿಂದಗಿಯಲ್ಲಿ ಹೆಂಗಸರ ಜಂಪರು ಹೊಲಿಯುವ ದರ್ಜಿ. ನಮ್ಮಪ್ಪನೂ ದರ್ಜಿ, ಅವರಪ್ಪನೂ ದರ್ಜಿ. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ಹಬ್ಬದ ಹಿಂದಿನ ದಿನ ಬಟ್ಟೆ ತಂದು ನಾಳೆಗೇ ಬೇಕು ಅನ್ನುವವರನ್ನು ಬಾಗಿಲಿನಿಂದಲೇ ಓಡಿಸಿದ್ದೇನೆ. ಹಾಗೆ ಓಡಿಸಿದವರನ್ನು ಕರೆದು, ಕೂರಿಸಿ, ನೀರು ಕೊಟ್ಟು, ಬಟ್ಟೆ ಇಸಿದುಕೊಳ್ಳುತ್ತಿದ್ದವಳು ಅವಳು. ಕತ್ತರಿಸುವುದು, ಮಷೀನು ಹೊಡೆಯುವುದು ನನ್ನ ಪಾಲು. ಹುಕ್ಕು, ಕಾಜಾ, ಅಂಚಿನ ಕೈಹೊಲಿಗೆ ಅವಳ ಪಾಲು. ಕೈಹೊಲಿಗೆ ಅಂದರೆ ಕೈಬರಹ ಇದ್ದ ಹಾಗೆ, ಒಬ್ಬರದು ಇನ್ನೊಬ್ಬರದಾಗುವುದಿಲ್ಲ. ಬಲಗೈಯವರ ಎಳೆಗಳು ಬಲಕ್ಕೆ ಬಾಗುತ್ತವೆ, ಎಡಗೈಯವರದು ಎಡಕ್ಕೆ. ಅವಳ ಎಳೆಗಳೆಲ್ಲ ಬಲಕ್ಕೆ ಬಾಗಿ ನಿಂತಿರುತ್ತಿದ್ದವು, ಒಂದೇ ಗಾಳಿಗೆ ಇಡೀ ಜೋಳದ ಹೊಲ ಒಂದೇ ಕಡೆ ವಾಲಿದಂತೆ. ನೂರು ಜಂಪರಿನ ರಾಶಿಯಲ್ಲಿ ಅವಳ ಕೈ ಮುಟ್ಟಿದ್ದು ಯಾವುದು ಎಂದು ಕಣ್ಣುಮುಚ್ಚಿ, ಬರೀ ಬೆರಳಿನಿಂದ ಹೇಳಬಲ್ಲೆ.

ಅವಳ ತವರು ಆ ಡೋಣಿ ಬಾಯಿಯ ಹತ್ತಿರದ ಒಂದು ಹಳ್ಳಿ. ಅವರಪ್ಪ ಹೊಲದ ಕೆಲಸ ಮುಗಿಸಿ ಸಂಜೆ ದಂಡೆಗೆ ಕೂತು ಮೀನು ಹಿಡಿಯುತ್ತಿದ್ದರು. ಕೋಲಿಲ್ಲ, ಏನಿಲ್ಲ. ಒಂದು ದಾರ, ತುದಿಗೆ ಗಾಳ, ಗಾಳಕ್ಕೆ ಎರೆಹುಳ, ದಾರದ ಇನ್ನೊಂದು ತುದಿ ತೋರುಬೆರಳಿಗೆ. ಮಗಳಿಗೂ ಹಾಗೇ ಕಲಿಸಿದರು. ಮದುವೆಯಾದ ಹೊಸದರಲ್ಲಿ ಅವಳು ಅದನ್ನು ಹೇಳುವಾಗ ಬೆರಳು ತನ್ನಷ್ಟಕ್ಕೆ ಸ್ವಲ್ಪ ಮಡಚಿಕೊಳ್ಳುತ್ತಿತ್ತು, ಈಗಲೂ ಆ ಕಡೆಯಿಂದ ಯಾರೋ ಎಳೆಯುತ್ತಿರುವ ಹಾಗೆ. ನಾನು ನಗುತ್ತಿದ್ದೆ. ಈಗ ನೆನೆದರೆ ನಗು ಬರುವುದಿಲ್ಲ.

ಎರಡು ವರ್ಷದ ಹಿಂದೆ ಅವಳ ಬಲ ಎದೆಯಲ್ಲಿ ಒಂದು ಗಂಟು ಸಿಕ್ಕಿತು. ಸೊಲ್ಲಾಪುರದಲ್ಲಿ ಆಪರೇಶನ್ ಆಯಿತು. ಎದೆಯ ಜೊತೆಗೆ ಬಗಲಿನ ಒಳಗಿನ ಸಣ್ಣ ಗಂಟುಗಳನ್ನೂ ತೆಗೆದರು. ಅಲ್ಲಾಹ್ ದೊಡ್ಡವನು, ರೋಗ ಹೋಯಿತು. ಆದರೆ ಆ ಗಂಟುಗಳು ಹೋದ ಮೇಲೆ ಕೈಯಲ್ಲಿ ನೀರು ನಿಲ್ಲುತ್ತದಂತೆ, ಬಾವು ಬರುತ್ತದಂತೆ. ಡಾಕ್ಟರಮ್ಮ ನನ್ನನ್ನು ಕೂರಿಸಿಕೊಂಡು ಸಾಲಿಗೆ ಹೋಗುವ ಹುಡುಗನಿಗೆ ಹೇಳಿದಂತೆ ಹೇಳಿದರು. ಈ ಕೈಯಿಂದ ಭಾರ ಎತ್ತುವಂತಿಲ್ಲ. ಈ ಕೈಗೆ ಗಾಯ ಆಗುವಂತಿಲ್ಲ. ಹಾಗಂತ ಸುಮ್ಮನೆ ಇಡುವಂತೆಯೂ ಇಲ್ಲ, ಹಗುರಾಗಿ ಆಡಿಸುತ್ತಲೇ ಇರಬೇಕು. ಬಾವು ಬಂದು ಬಂದು ಗಟ್ಟಿಯಾಯಿತೋ, ಮುಂದೆ ಇಳಿಯುವುದು ಕಷ್ಟ. ಆ ಕೈ ಮತ್ತೆ ಕೆಲಸಕ್ಕೆ ಬಾರದು.

ಮೊದಲ ಎರಡು ಮಾತು ಅವಳು ಚಾಚೂ ತಪ್ಪದೆ ಪಾಲಿಸಿದಳು. ಮೂರನೆಯದನ್ನು ಕೇಳಲೇ ಇಲ್ಲ. ಅಂಗಡಿಯ ಮೂಲೆಯ ಸ್ಟೂಲಿನ ಮೇಲೆ ಕೂತು ಬಲಗೈಯನ್ನು ತೊಡೆಯ ಮೇಲೆ ಇಟ್ಟುಕೊಂಡಿರುತ್ತಿದ್ದಳು, ಯಾರದೋ ಮಗುವನ್ನು ಸ್ವಲ್ಪ ಹೊತ್ತಿಗೆಂದು ಇಸಿದುಕೊಂಡವರ ಹಾಗೆ. ಅದಕ್ಕೆ ಕೈ ಅನ್ನುವುದನ್ನೂ ಬಿಟ್ಟಿದ್ದಳು. ‘ಅದು ಜಡ ಆಗೇತಿ,’ ಅನ್ನುತ್ತಿದ್ದಳು. ‘ಅದನ್ನ ಸ್ವಲ್ಪ ಈ ಕಡಿ ಇಡ್ರಿ.’ ಸೂಜಿ ಮುಟ್ಟಲಿಲ್ಲ. ಹುಕ್ಕು ಕಾಜಾಕ್ಕೆ ನಾನು ಬೇರೆಯವರ ಮನೆಗೆ ಕಳಿಸತೊಡಗಿದೆ. ಅವಳು ಇದ್ದೂ ಅಂಗಡಿ ಖಾಲಿಯಾಗಿತ್ತು.

ಅಂಥವಳು ಡೋಣಿ ಬಾಯಿ ಅಂದಳಲ್ಲ, ನಾನು ಅಂದೇ ಡಾಕ್ಟರಮ್ಮನಿಗೆ ಫೋನು ಹಚ್ಚಿದೆ. ಬೆರಳಿಗೆ ದಾರ ಸುತ್ತುವುದು ಬೇಡವೇ ಬೇಡ ಅಂದರು, ಕೊಯ್ದರೆ ಕೆಟ್ಟಿತು. ಎರೆಹುಳಕ್ಕೆ ಮಣ್ಣು ಕೆದರುವುದೂ ಬೇಡ. ಕೋಲು, ಅದಕ್ಕೆ ದಾರ ಸುತ್ತುವ ರೀಲು, ಪ್ಲಾಸ್ಟಿಕ್ ಮೀನು ಇದ್ದರೆ ಆಗಬಹುದು, ಗಾಳ ಮಾತ್ರ ನೀವೇ ಮುಟ್ಟಿ ಅಂದರು. ಕೈ ಹಗುರಾಗಿ ಆಡಿದರೆ ಒಳ್ಳೆಯದೇ. ಆದರೆ ಬಾವು ಬಂತೆಂದರೆ ಹೊಳೆಯ ಮಾತು ಅವತ್ತಿಗೇ ಮುಗಿಯಿತು ಎಂದೂ ಹೇಳಿದರು. ಅವಳು ಪಕ್ಕದಲ್ಲೇ ನಿಂತು ಎಲ್ಲ ಕೇಳಿಸಿಕೊಂಡಳು.

ಇನ್ನು ನನ್ನ ಬುದ್ಧಿಯ ಕಥೆ. ಮುದ್ದೇಬಿಹಾಳದಲ್ಲಿ ಬಲೆ, ಹಗ್ಗ, ಗಾಳದ ಕೋಲು ಮಾರುವ ಒಂದು ಅಂಗಡಿಯಿದೆ. ಅಲ್ಲಿ ಗಾಜಿನ ಕಪಾಟಿನಲ್ಲಿ ನಾಲ್ಕೈದು ರೀಲುಗಳಿದ್ದವು. ಆಪರೇಶನ್ ಆದ ಮನೆ, ನನಗೆ ಅಗ್ಗದ್ದೇ ಬೇಕಿತ್ತು. ಅಂಗಡಿಯವ ಅಗ್ಗದವನ್ನೇ ಒಂದೊಂದಾಗಿ ತೆಗೆದು ಕೈಗಿಟ್ಟ. ನಾನು ಒಂದೊಂದನ್ನೂ ಅಂಗೈಯಲ್ಲಿ ತೂಗಿ ನೋಡಿ, ಹಗುರಾದವನ್ನೆಲ್ಲ ಆಟಿಗೆ ಸಾಮಾನು ಎಂದು ಬದಿಗೆ ಸರಿಸಿ, ಎಲ್ಲಕ್ಕಿಂತ ಭಾರದ್ದನ್ನು ಆರಿಸಿದೆ. ನಗಬೇಡಿ. ನಮ್ಮ ಕಡೆ ಬೀಗ ಕೊಂಡರೆ ಭಾರ ನೋಡುತ್ತೇವೆ, ಕೊಡ ಕೊಂಡರೆ ಭಾರ ನೋಡುತ್ತೇವೆ. ನನ್ನ ಕತ್ತರಿ ಅಜ್ಜನ ಕಾಲದ್ದು, ಎತ್ತಿದರೆ ಹೊಸಬರ ಮಣಿಕಟ್ಟು ನೋಯುತ್ತದೆ, ಅದಕ್ಕೇ ಇನ್ನೂ ಉಳಿದಿದೆ. ಆ ರೀಲು ಕೈಯಲ್ಲಿ ಹಿಡಿದಾಗ ಕತ್ತರಿಯೇ ನೆನಪಾಯಿತು. ಯಾರಿಗೆ ಕೊಳ್ಳುತ್ತಿದ್ದೇನೆ, ಯಾವ ಕೈಗೆ ಕೊಳ್ಳುತ್ತಿದ್ದೇನೆ ಎಂಬುದು ಆ ಗಳಿಗೆ ತಲೆಯಿಂದ ಹಾರಿಯೇ ಹೋಗಿತ್ತು. ತಿರುಗಿಸುವ ಹಿಡಿಕೆ ಎಡಗಡೆ ಇತ್ತು. ಹಾಗಾದರೆ ಕೋಲು ಬಲಗೈಯಲ್ಲೇ ಹಿಡಿಯಬೇಕು. ರೀಲು ಮಾಡಿದವರು ಹಾಗೆ ಮಾಡಿದ್ದಾರೆ ಎಂದುಕೊಂಡೆ.

ಆಮೇಲೆ ಮೂರು ತಿಂಗಳು ಕನಸಿನ ಹಾಗೆ ಹೋದವು. ಶುಕ್ರವಾರ ಅಂಗಡಿಗೆ ರಜೆ. ಬೆಳಗಿನ ನಮಾಜು ಮುಗಿಸಿ ಬೈಕು ಹತ್ತಿದರೆ ಬಿಸಿಲು ಏರುವ ಮೊದಲೇ ಡೋಣಿ ಬಾಯಿ. ಮಧ್ಯಾಹ್ನದ ನಮಾಜಿಗೆ ಅವಳ ತವರಿನ ಮಸೀದಿ. ಚಳಿಗಾಲದಲ್ಲಿ ಅಲ್ಲಿ ನೀರಿನ ಮೇಲೆ ಹೊಗೆಯಂಥ ಮಂಜು ಕೂತಿರುತ್ತದೆ. ಆಚೆ ದಂಡೆ ಇದೆಯೋ ಇಲ್ಲವೋ ಗೊತ್ತಾಗುವುದಿಲ್ಲ. ಅವಳು ‘ಬಿಸ್ಮಿಲ್ಲಾ’ ಎಂದು ಪ್ಲಾಸ್ಟಿಕ್ ಮೀನನ್ನು ಎಸೆಯುತ್ತಿದ್ದಳು, ಅದು ಮಂಜಿನೊಳಗೆ ಹೋಗಿ ಎಲ್ಲೋ ಪುಳಕ್ ಅನ್ನುತ್ತಿತ್ತು. ಆಮೇಲೆ ರೀಲಿನ ಸದ್ದು. ಕಣ್ಣುಮುಚ್ಚಿದರೆ ನನ್ನ ಮಷೀನಿನ ಸದ್ದೇ ಅನ್ನಿಸುತ್ತಿತ್ತು. ದೂರದಲ್ಲಿ ಯಾರೋ ನೀರಿಗೆ ಅಂಗಿ ಹೊಲಿಯುತ್ತಿದ್ದಾರೆ, ನಾವಿಬ್ಬರೂ ಇನ್ನೂ ಮದುವೆಯಾದ ಹೊಸದರಲ್ಲಿದ್ದೇವೆ ಎಂದೆಲ್ಲ ಮಂಪರಿನಲ್ಲಿ ಅನ್ನಿಸಿ, ಕೂತಲ್ಲೇ ತೂಕಡಿಸುತ್ತಿದ್ದೆ. ಒಂದು ಮೀನೂ ಸಿಗಲಿಲ್ಲ. ಹಾವಿನಂಥ ತಲೆಯ ದೊಡ್ಡದೊಂದು ಮೀನು ಎರಡು ಸಲ ಬೆನ್ನು ಹತ್ತಿ ಬಂದು, ದಂಡೆಯ ಹತ್ತಿರ ನಮ್ಮನ್ನು ನೋಡಿ, ತಿರುಗಿ ಹೋಯಿತು. ಅದಕ್ಕೆ ಅವಳು ಎಷ್ಟು ನಕ್ಕಳೆಂದರೆ, ನನಗೆ ಮೀನೇ ಬೇಡವಾಯಿತು.

ಒಂದು ಮಧ್ಯಾಹ್ನ ಗಿರಾಕಿಗಳ ಬಟ್ಟೆಗೆ ಇಸ್ತ್ರಿ ಹಾಕುತ್ತ, ಜೊತೆಗೆ ಅವಳ ಒಂದು ಜಂಪರಿಗೂ ಹಾಕೋಣ ಎಂದು ತೆಗೆದುಕೊಂಡೆ. ನಾನೇ ಹೊಲಿದದ್ದು. ಉದ್ದ ತೋಳು. ಬಲತೋಳಿನ ಹೊಲಿಗೆಯ ಮೇಲೆ ಬೆರಳು ಹೋಯಿತು, ನಿಂತಿತು. ಅದು ನನ್ನ ಮಷೀನಿನ ಹೊಲಿಗೆ ಅಲ್ಲ. ತಿರುವಿ ನೋಡಿದೆ. ನನ್ನ ಹೊಲಿಗೆ ಬಿಚ್ಚಿ, ಒಳಗೆ ಬಿಟ್ಟಿದ್ದ ಬಟ್ಟೆಯನ್ನೆಲ್ಲ ಹೊರಗೆ ತೆಗೆದು, ತೋಳನ್ನು ಎರಡು ಬೆರಳಿನಷ್ಟು ಅಗಲ ಮಾಡಿ ಕೈಯಲ್ಲಿ ಹೊಲಿದಿದ್ದರು ಯಾರೋ. ಎಳೆಗಳು ಒಂದು ಉದ್ದ, ಒಂದು ಗಿಡ್ಡ. ಎಲ್ಲವೂ ಎಡಕ್ಕೆ ಬಾಗಿದ್ದವು.

ನಮ್ಮ ಮನೆಯಲ್ಲಿ ಎಡಗೈಯವರು ಯಾರೂ ಇಲ್ಲ. ಕಪಾಟಿನಿಂದ ಇನ್ನೂ ಎರಡು ಜಂಪರು ತೆಗೆದೆ. ಎರಡರದೂ ಬಲತೋಳು ಬಿಚ್ಚಿತ್ತು, ಎರಡರಲ್ಲೂ ಅದೇ ಎಡಕ್ಕೆ ಬಾಗಿದ ಹೊಲಿಗೆ. ಬಲಗೈ ಆಗದೆ ಎಡಗೈಯಲ್ಲಿ ಸೂಜಿ ಹಿಡಿದವಳು ಅವಳೇ. ಊರಿನ ಅರ್ಧ ಹೆಂಗಸರ ತೋಳಿನ ಅಳತೆ ಬಾಯಿಪಾಠ ಇರುವ ದರ್ಜಿಗೆ ತನ್ನ ಹೆಂಡತಿಯ ತೋಳು ದಪ್ಪವಾದದ್ದು ಗೊತ್ತಾಗಿರಲಿಲ್ಲ.

ಟೇಪು ಹಿಡಿದು ಮನೆಯೊಳಗೆ ಹೋದೆ. ಬೇಡ ಅಂದಳು, ಸೆರಗು ಎಳೆದುಕೊಂಡಳು. ಕೈ ಹಿಡಿದು ಅಳೆದೆ. ಎಡಗೈಗಿಂತ ಬಲಗೈ ಒಂದೂವರೆ ಇಂಚು ಹೆಚ್ಚು. ನಾನು ಕೂಗಾಡಿದೆ. ಅವಳ ಮೇಲೆ, ರೀಲಿನ ಮೇಲೆ, ಅಂಗಡಿಯವನ ಮೇಲೆ, ಕಡೆಗೆ ಉಪ್ಪು ನೀರಿನ ಮೇಲೂ. ಓಣಿಯವರಿಗೆಲ್ಲ ಕೇಳಿಸಿರಬೇಕು. ಕೂಗಿ ಕೂಗಿ ದಣಿದ ಮೇಲೆ ಅವಳು ತಣ್ಣಗೆ ಹೇಳಿದಳು:

‘ಭಾರ ಆಗ್ತೈತಿ ಅಂದ್ರ ಹೊಳಿ ಬಂದ್ ಮಾಡ್ತಿದ್ರಿ. ಅದಕ್ಕ ಹೇಳಲಿಲ್ರಿ.’

ಆ ಭಾರವನ್ನು ತೂಗಿ ತೂಗಿ ಆರಿಸಿ ಅವಳ ಕೈಗೆ ಕೊಟ್ಟವನು ನಾನೇ.

ಹೊಳೆ ನಿಂತಿತು. ಆಸ್ಪತ್ರೆಯಲ್ಲಿ ಕೈಗೆ ಪಟ್ಟಿ ಸುತ್ತಿದರು, ದಿನಕ್ಕೆ ಎರಡು ಸಲ ಹಗುರಾಗಿ ನೀವುವುದನ್ನು ನನಗೆ ಕಲಿಸಿಕೊಟ್ಟರು. ಬೆರಳ ತುದಿಯಿಂದ ಭುಜದ ಕಡೆಗೆ, ರೇಷ್ಮೆ ಬಟ್ಟೆಯ ಸುಕ್ಕು ತೆಗೆದ ಹಾಗೆ ನೀವುತ್ತಿದ್ದೆ. ಅವಳು ಗೋಡೆ ನೋಡುತ್ತ ಕೂತಿರುತ್ತಿದ್ದಳು. ಎರಡು ತಿಂಗಳಿಗೆ ಬಾವು ಮುಕ್ಕಾಲು ಪಾಲು ಇಳಿಯಿತು. ಇನ್ನು ಮುಂದೆ ಹೊಳೆಗೆ ಹೋಗುವುದಾದರೆ ನಿಜವಾಗಿಯೂ ಹಗುರಾದ ಸಾಮಾನು ಬೇಕು, ಇನ್ನೊಮ್ಮೆ ಬಾತರೆ ನಾನು ಒಪ್ಪುವುದಿಲ್ಲ ಅಂದರು ಡಾಕ್ಟರಮ್ಮ. ಅವಳು ಹೊಳೆಯ ಮಾತೇ ಎತ್ತಲಿಲ್ಲ. ಕೈ ಮತ್ತೆ ‘ಅದು’ ಆಗಿತ್ತು. ಕೈ ಬಾತದ್ದಕ್ಕಿಂತ ಅವಳು ಆಸೆ ಬಿಟ್ಟದ್ದು ನನ್ನನ್ನು ಹೆಚ್ಚು ಸುಟ್ಟಿತು.

ಹೀಗಿರುವಾಗ ಒಂದು ಬೆಳಿಗ್ಗೆ ಇಬ್ಬರೂ ಕಟ್ಟೆಯ ಮೇಲೆ ಚಹಾ ಕುಡಿಯುತ್ತಿದ್ದೆವು. ಅವಳ ಎಡಗೈಯಲ್ಲಿ ರೊಟ್ಟಿಯ ಚೂರು ಇತ್ತು. ಏನೋ ಯೋಚನೆಯಲ್ಲಿ ಚಹಾದ ಸ್ಟೀಲ್ ಕಪ್ಪನ್ನು ಬಲಗೈಯಿಂದ ಎತ್ತಿ ಕುಡಿದಳು, ಇಟ್ಟಳು, ಮತ್ತೆ ಎತ್ತಿದಳು. ಮುಖದಲ್ಲಿ ನೋವಿನ ಗೆರೆಯೂ ಇಲ್ಲ. ನಾನು ನೋಡುತ್ತಲೇ ಇದ್ದೆ. ಅವಳು ಒಳಗೆ ಹೋದ ಮೇಲೆ ಆ ಕಪ್ಪನ್ನು ತೊಳೆದು, ಒರೆಸಿ, ಚೀಲಕ್ಕೆ ಹಾಕಿಕೊಂಡು, ಮುದ್ದೇಬಿಹಾಳದ ಬಸ್ಸು ಹತ್ತಿದೆ.

ಅಂಗಡಿಯವನಿಗೆ ನನ್ನ ಗುರುತು ಸಿಕ್ಕಿತು. ಇನ್ನೊಂದು ರೀಲು ಬೇಕು ಅಂದೆ. ಅವನು ಡಬ್ಬಿಗಳನ್ನು ಇಳಿಸುವಷ್ಟರಲ್ಲಿ ನಾನು ಪಕ್ಕದ ಹೋಟೆಲಿಗೆ ಹೋಗಿ ನನ್ನ ಕಪ್ಪಿಗೆ ಕಂಠಮಟ ಚಹಾ ಹಾಕಿಸಿಕೊಂಡು ಬಂದೆ. ಒಂದು ಕೈಯಲ್ಲಿ ಕಪ್ಪು, ಇನ್ನೊಂದು ಕೈಯಲ್ಲಿ ರೀಲು, ಕಣ್ಣುಮುಚ್ಚಿ ನಿಂತೆ. ಅವನು ನನ್ನ ತಲೆ ಕೆಟ್ಟಿದೆ ಎಂದುಕೊಂಡಿರಬೇಕು. ಕಪ್ಪಿಗಿಂತ ಭಾರ ಅನ್ನಿಸಿದ್ದನ್ನೆಲ್ಲ ಪಕ್ಕಕ್ಕಿಟ್ಟೆ. ಮೊದಲ ಸಲ ನಾನು ಆಟಿಗೆ ಸಾಮಾನು ಎಂದು ಸರಿಸಿದ್ದವೇ ಈ ಸಲ ಮುಂದೆ ಉಳಿದವು, ಮೂರು. ಮೂರೂ ಸಣ್ಣವು, ಮೈ ಲೋಹದ್ದಲ್ಲ, ಗಟ್ಟಿ ಪ್ಲಾಸ್ಟಿಕ್ಕಿನಂಥದ್ದು. ಡೋಣಿಯ ಉಪ್ಪಿಗೆ ಅದೇ ಒಳ್ಳೆಯದು, ತುಕ್ಕು ಹಿಡಿಯುವುದಿಲ್ಲ, ಹೊಳೆಯಿಂದ ಬಂದ ಮೇಲೆ ಸಿಹಿನೀರಿನಲ್ಲಿ ತೊಳೆದಿಟ್ಟರೆ ಸಾಕು ಅಂದ ಅಂಗಡಿಯವ.

ಡಬ್ಬಿಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದ, ಒಳಗೆ ತಿರುಗುವ ಬೇರಿಂಗುಗಳ ಸಂಖ್ಯೆ ತೋರಿಸಿ, ಇದರಲ್ಲಿ ಇಷ್ಟಿವೆ, ಅದರಲ್ಲಿ ಅಷ್ಟಿವೆ ಎಂದ. ಅವನ ಸಂಖ್ಯೆ ಅವನ ಹತ್ತಿರವೇ ಇರಲಿ. ಹಿಡಿಕೆ ತಿರುಗಿಸಿ ಕಿವಿಗೆ ಹಿಡಿದೆ. ಒಂದು ಒಳಗೆ ಕರಕರ ಅಂದಿತು. ಉಳಿದೆರಡು ಮೆತ್ತಗೆ ತಿರುಗಿದವು. ಮೀನು ಜಗ್ಗಿದಾಗ ದಾರ ತುಂಡಾಗದೆ ಸ್ವಲ್ಪ ಸ್ವಲ್ಪವೇ ಬಿಟ್ಟುಕೊಡಲು ಮೇಲೆ ಒಂದು ತಿರುಪು ಇರುತ್ತದೆ. ಹೊಲಿಗೆ ಮಷೀನಿನಲ್ಲಿ ಮೇಲಿನ ದಾರದ ಬಿಗಿ ಸರಿಮಾಡುವ ತಿರುಪು ಇಲ್ಲವೇ, ಥೇಟು ಹಾಗೆ. ಇಲ್ಲಿ ಮಾತ್ರ ನನಗೆ ಯಾರೂ ಪಾಠ ಹೇಳಬೇಕಾಗಿರಲಿಲ್ಲ. ದಾರವನ್ನು ಎರಡು ಬೆರಳಲ್ಲಿ ಹಿಡಿದು ಎಳೆದೆ. ಒಂದು ರೀಲು ಹಿಡಿದು ಹಿಡಿದು ಬಿಟ್ಟಿತು. ಅಂಥ ಬಿಗಿಯಲ್ಲಿ ಹೊಲಿದರೆ ರೇಷ್ಮೆ ನೆರಿಗೆ ಬೀಳುತ್ತದೆ. ಇನ್ನೊಂದು ಒಂದೇ ಸಮ, ತಡೆಯಿಲ್ಲದೆ ಬಿಟ್ಟುಕೊಟ್ಟಿತು. ಇದೇ ಅಂದೆ. ಮೂರರಲ್ಲಿ ಅದೇ ಅಗ್ಗದ್ದಾಗಿತ್ತು.

ಹಿಡಿಕೆ ಎಡಗಡೆ ಇದೆಯಲ್ಲ, ಕೋಲಿನ ಭಾರ ಮತ್ತೆ ಬಲಗೈಗೇ ಬೀಳುತ್ತದಲ್ಲ ಎಂದು ಗೊಣಗಿದೆ. ಅಂಗಡಿಯವ ನನ್ನ ಮುಖ ನೋಡಿದ. ಹಿಡಿಕೆಯನ್ನು ತಿರುವಿ ಬಿಚ್ಚಿದ, ಬಲಗಡೆಯ ಒಂದು ಸಣ್ಣ ಮುಚ್ಚಳ ತೆಗೆದ, ಹಿಡಿಕೆಯನ್ನು ಅಲ್ಲಿ ಕೂರಿಸಿದ. ನಾಲ್ಕು ಉಸಿರಿನಷ್ಟು ಹೊತ್ತು ಹಿಡಿಯಲಿಲ್ಲ.

‘ಯಾವ ಕಡಿಗೆ ಬೇಕಾದ್ರೂ ಬರ್ತೈತ್ರಿ,’ ಅಂದ. ‘ಆ ಮೊದಲಿನದೂ ಹಿಂಗ ಬರ್ತಿತ್ತು. ನೀವು ಕೇಳಲಿಲ್ಲ.’

ಮಷೀನನ್ನು ಕಣ್ಣುಕಟ್ಟಿಕೊಂಡು ಬಿಚ್ಚಿ ಜೋಡಿಸಬಲ್ಲ ಮನುಷ್ಯ ನಾನು. ಆದರೆ ಹೊಲಿಗೆ ಮಷೀನಿನ ಗಾಲಿ ಹುಟ್ಟಿದಾಗಿನಿಂದ ಒಂದೇ ಕಡೆ ಇರುತ್ತದೆ. ತಿರುಗುವ ವಸ್ತುವಿಗೆ ಇನ್ನೊಂದು ಮಗ್ಗುಲೂ ಇರಬಹುದೆಂದು ನನ್ನ ದರ್ಜಿ ತಲೆಗೆ ಹೊಳೆದೇ ಇರಲಿಲ್ಲ. ಒಂದು ತಿರುಪು ಬಿಚ್ಚಿದ್ದರೆ ಆ ಮೂರು ತಿಂಗಳ ಭಾರ ಅವಳ ಗಟ್ಟಿಗೈಗೆ ಹೋಗುತ್ತಿತ್ತು. ಕಪ್ಪಿನಲ್ಲಿ ಆರಿಹೋದ ಚಹಾವನ್ನು ನಿಂತಲ್ಲೇ ಕುಡಿದೆ.

ಮನೆಯಲ್ಲಿ ರೀಲನ್ನು ಅವಳ ಮುಂದಿಟ್ಟಾಗ ಮುಟ್ಟಲಿಲ್ಲ. ಬೇಡ ಬಿಡ್ರಿ, ಮತ್ತೆ ಬಾತರೆ ಅಂದಳು. ನಾನು ಕಪ್ಪನ್ನು ಅದರ ಪಕ್ಕಕ್ಕಿಟ್ಟೆ. ದಿನಾ ಇದನ್ನು ಎತ್ತುತ್ತೀಯಲ್ಲ, ಇದೂ ಅಷ್ಟೇ, ಅದೂ ಎಡಗೈಗೆ, ಬಲಗೈಗೆ ಬರೀ ತಿರುಗಿಸುವ ಕೆಲಸ ಅಂದೆ. ಅವಳು ಬಹಳ ಹೊತ್ತು ಎರಡನ್ನೂ ನೋಡಿದಳು. ಆಮೇಲೆ ಬಲಗೈ ನಿಧಾನ ಮುಂದೆ ಬಂದು ಹಿಡಿಕೆಯನ್ನು ಒಂದು ಸುತ್ತು ತಿರುಗಿಸಿತು. ಮದುವೆಯಾಗಿ ಬಂದಾಗ ಅವಳಿಗೆ ಹೊಲಿಗೆ ಕಲಿಸಿದ್ದು ನಮ್ಮಮ್ಮನ ಕೈಮಷೀನಿನ ಮೇಲೆ, ಬಲಗೈಯಿಂದ ಗಾಲಿ ತಿರುಗಿಸುವಂಥದ್ದು. ಆ ತಿರುಗುವಿಕೆ ಅವಳ ಕೈಗೆ ನೆನಪಿತ್ತು.

ಹೋಗುವ ದಿನ ಬೆಳಿಗ್ಗೆ ಅವಳ ಕೈಯನ್ನು ಟೇಪಿನಿಂದ ಅಳೆದುಕೊಂಡೆ. ಡೋಣಿ ಬಾಯಿಯಲ್ಲಿ ಆ ದಿನ ಮಂಜಿರಲಿಲ್ಲ. ಬಿಸಿಲು ಹಾಲಿನ ಕೆನೆಯ ಹಾಗೆ ನೀರಿನ ಮೇಲೆ ಕಟ್ಟಿತ್ತು, ಉಪ್ಪು ನೀರೂ ಸಿಹಿನೀರೂ ಸೇರುವ ಗೆರೆ ಮೆಲ್ಲಗೆ ಉಸಿರಾಡುತ್ತಿತ್ತು. ಅವಳು ಎಡಗೈಯಿಂದ ಎಸೆದಳು. ಮೊದಮೊದಲು ಪ್ಲಾಸ್ಟಿಕ್ ಮೀನು ಕಾಲಬುಡದಲ್ಲೇ ಬಿತ್ತು, ಜಾಲಿ ಗಿಡಕ್ಕೂ ಸಿಕ್ಕಿತು. ನಾನು ಹೋಗಿ ಬಿಡಿಸಿಕೊಟ್ಟೆ. ಹತ್ತು ಎಸೆತಕ್ಕೆ ಒಮ್ಮೆ ಕೂರಿಸುತ್ತಿದ್ದೆ, ತೋಳು ಮುಟ್ಟಿ ನೋಡುತ್ತಿದ್ದೆ. ನಿಮ್ಮ ಕಾಟಕ್ಕೆ ಮೀನು ಓಡಿಹೋಗುತ್ತವೆ ಎಂದು ಗದರಿದಳು. ಅವಳ ಆ ಗದರಿಕೆ ಕೇಳಿ ನನಗೆ ಎಷ್ಟು ದಿನವಾಗಿತ್ತೋ.

ಬಿಸಿಲು ಏರಿದ ಮೇಲೆ ಒಂದು ಎಸೆತ ಸರಿಯಾಗಿ ಗೆರೆಯ ಮೇಲೇ ಹೋಗಿ ಬಿತ್ತು. ಅವಳು ಎರಡು ಸುತ್ತು ತಿರುಗಿಸಿದಳು, ನಿಲ್ಲಿಸಿದಳು. ಕೋಲು ಬಾಗಿತು. ರೀಲು ದಾರ ಬಿಡತೊಡಗಿತು, ಝರ್ರನೆ, ಒಂದೇ ಸಮ, ನಾನು ಅಂಗಡಿಯಲ್ಲಿ ಬೆರಳಿನಿಂದ ಎಳೆದು ನೋಡಿದಂತೆಯೇ. ನಾನು ಓಡಿ ಕೋಲಿಗೆ ಕೈಹಾಕಿದೆ.

‘ಬಿಡ್ರಿ,’ ಅಂದಳು. ‘ನನ್ನ ಕೈ ಐತಿ.’

ಬಿಟ್ಟೆ. ಮೀನು ಎಳೆದಾಗ ಅವಳು ಸುಮ್ಮನಾದಳು, ಮೀನು ಸುಮ್ಮನಾದಾಗ ತಿರುಗಿಸಿದಳು. ಅವಸರ ಇಲ್ಲ. ಕಡೆಗೆ ಆ ಹಾವಿನ ತಲೆಯ ಮೀನು ದಂಡೆಗೆ ಬಂದು ಕೆಸರಿನಲ್ಲಿ ಮಗ್ಗುಲಾಯಿತು. ನಾನು ಗಾಳ ಬಿಡಿಸುವಾಗ ಅವಳು ಪಕ್ಕದಲ್ಲಿ ಕೂತು ಅಳುತ್ತಿದ್ದಳು. ನಾನೂ ಅತ್ತೆ. ಆಮೇಲೆ ಅವಳ ತವರಿನಲ್ಲಿ ಅದನ್ನು ಖಾರ ಹಾಕಿ ಮಾಡಿದರು, ಎಲ್ಲರಿಗೂ ಒಂದೊಂದು ತುಂಡು ಬಂತು.

ಸಂಜೆ ಮನೆಗೆ ಬಂದು ಮತ್ತೆ ಟೇಪು ಹಿಡಿದೆ. ಬೆಳಗಿನ ಅಳತೆಯೇ. ಮರುದಿನವೂ ಅಷ್ಟೇ. ನಾಲ್ಕು ಶುಕ್ರವಾರ ಕಳೆದ ಮೇಲೆ ಇನ್ನಷ್ಟು ಇಳಿದಿತ್ತು. ಟೇಪು ಹಿಡಿದು ಹಿಂದೆ ಹಿಂದೆ ಬರಬೇಡಿ, ನಾನೇನು ನಿಮ್ಮ ಗಿರಾಕಿಯೇ ಎಂದು ಅವಳು ಬೈದ ಮೇಲೆ ಅಳೆಯುವುದನ್ನು ಬಿಟ್ಟೆ.

ಮೊನ್ನೆ ಅಂಗಡಿಯಲ್ಲಿ ಇಸ್ತ್ರಿ ಬಿಸಿಯಿತ್ತು. ಅವಳ ಅದೇ ಜಂಪರು ಕೈಗೆ ಸಿಕ್ಕಿತು. ಬಲತೋಳಿನ ಮೇಲೆ ಬೆರಳು ಹೋಯಿತು, ನಿಂತಿತು. ತಿರುವಿ ನೋಡಲಿಲ್ಲ, ನೋಡಲು ಹೆದರಿಕೆಯಾಯಿತು. ಕಣ್ಣುಮುಚ್ಚಿ ಬೆರಳಿನಿಂದ ಹೊಲಿಗೆಯ ಗುಂಟ ಹೋದೆ. ತೋಳನ್ನು ಮತ್ತೆ ಒಳಗೆ ಹಿಡಿದು ಬಿಗಿ ಮಾಡಿದ್ದರು, ಒಂದು ಬೆರಳಿನಷ್ಟು. ಕೈಹೊಲಿಗೆ. ಅಷ್ಟೇನೂ ಸಮ ಇಲ್ಲ, ನಡುವೆ ಒಂದು ಕಡೆ ತಪ್ಪಿದೆ, ಅಭ್ಯಾಸ ಬಿಟ್ಟವರ ಹೊಲಿಗೆ. ಹೊರಗೆ ಗಿರಾಕಿಯೊಬ್ಬರು ತಮ್ಮ ಜಂಪರು ಆಗಿದೆಯೇ ಎಂದು ಎರಡನೆಯ ಸಲ ಕೇಳುತ್ತಿದ್ದರು. ಬೆರಳ ಕೆಳಗೆ ಎಳೆಗಳೆಲ್ಲ ಬಲಕ್ಕೆ ಬಾಗಿದ್ದವು.